ಆರನೆಯವನನ್ನು ಒಳಗೆ ಬಿಡಬೇಕೇ?

ಹೊಗೆಸೊಪ್ಪು ಬೇಯಿಸುವ ಕಾಲ ಬಂದರೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಹುಡುಗರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಬ್ಯಾರನ್‌ಗೆ ಸೌದೆ ಹಾಕುತ್ತಿರಬೇಕು, ಆಗಾಗ ಎದ್ದು ಥರ್ಮಾಮೀಟರ್ ನೋಡಬೇಕು. ಉರಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಸೊಪ್ಪಿನ ಬಣ್ಣ ಕೆಟ್ಟರೆ ಹರಾಜು ಮಾರುಕಟ್ಟೆಯಲ್ಲಿ ಅಪ್ಪನ ಮುಖದ ಬಣ್ಣವೂ ಕೆಡುತ್ತದೆ. ಅಂಥ ರಾತ್ರಿಗಳಲ್ಲಿ ಎಚ್ಚರವಾಗಿರಲು ನಾನು ಕಂಡುಕೊಂಡ ದಾರಿ ಜಪಾನಿನ ಸೂಪರ್‌ಹೀರೊಗಳು. ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ‘ಪವರ್ ರೇಂಜರ್ಸ್’ ನೋಡಿ ಬೆಳೆದವನು ನಾನು. ಅದರ ಮೂಲ ಜಪಾನಿನದು ಎಂದು ಗೊತ್ತಾದದ್ದು ಪಿಯುಸಿಗೆ ಬಂದ ಮೇಲೆ. ಆಮೇಲೆ ಮೊಬೈಲ್‌ನಲ್ಲಿ ‘ಕಾಮೆನ್ ರೈಡರ್’, ‘ಸೂಪರ್ ಸೆಂಟಾಯ್’ ಎಲ್ಲವನ್ನೂ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡಿದೆ. ನನ್ನ ಇಂಗ್ಲಿಷ್ ಸ್ವಲ್ಪ ಸುಧಾರಿಸಿದ್ದಕ್ಕೆ ಕಾಲೇಜಿಗಿಂತ ಈ ಮುಖವಾಡದ ವೀರರೇ ಹೆಚ್ಚು ಕಾರಣ ಎಂದರೆ ನಗಬೇಡಿ.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೋದ ವರ್ಷ ನಮ್ಮ ಗುಂಪಿನಲ್ಲಿ ಒಂದು ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಆ ಬ್ಯಾರನ್ ರಾತ್ರಿಗಳ ಒಂದು ಪಾತ್ರ.

ಸೂಪರ್ ಸೆಂಟಾಯ್ ಸರಣಿ ಶುರುವಾದದ್ದು 1975ರಲ್ಲಿ, ‘ಗೊರೆಂಜರ್’ ಎಂಬ ಧಾರಾವಾಹಿಯಿಂದ. ಐದು ಜನ, ಐದು ಬಣ್ಣ, ಒಂದೇ ಗುರಿ. ಮುಂದೆ 1992ರಲ್ಲಿ ‘ಜ್ಯೂರೇಂಜರ್’ ಬಂತು. ಅದರಲ್ಲೂ ಐವರು ವೀರರು. ಆದರೆ ಕಥೆ ಸ್ವಲ್ಪ ಸಾಗಿದ ಮೇಲೆ ಹಸಿರು ಬಣ್ಣದ ಆರನೆಯವನೊಬ್ಬ ಬರುತ್ತಾನೆ. ಹೆಸರು ಬುರಾಯ್. ಹಿಂದಿಯಲ್ಲಿ ‘ಬುರಾಯಿ’ ಎಂದರೆ ಕೆಡುಕು. ಈ ಹೆಸರಿಗೂ ಅದಕ್ಕೂ ಸಂಬಂಧವೇನೂ ಇಲ್ಲ, ಆದರೂ ಅವನು ಮಾಡುವ ಕೆಲಸಕ್ಕೆ ಒಪ್ಪುವ ಹೆಸರೇ. ಅವನು ವೀರರ ನಾಯಕನ ಒಡಹುಟ್ಟಿದ ಅಣ್ಣ. ತಮ್ಮ ಅರಮನೆಯಲ್ಲಿ ರಾಜಕುಮಾರನಾಗಿ ಬೆಳೆದ. ತಮ್ಮನನ್ನು ಸಾಕಿದ ರಾಜನೇ ತಂದೆಯ ಸಾವಿಗೆ ಕಾರಣ ಎಂಬ ಸೇಡು ಅಣ್ಣನ ಎದೆಯಲ್ಲಿ ಉರಿಯುತ್ತಿರುತ್ತದೆ. ಹಾಗಾಗಿ ಅವನು ತಮ್ಮನ ಮೇಲೆಯೇ ಕತ್ತಿ ಎತ್ತುತ್ತಾನೆ, ಮಾಟಗಾತಿಯ ಕಡೆ ನಿಲ್ಲುತ್ತಾನೆ. ಕೊನೆಗೆ ಮನಸ್ಸು ತಿರುಗಿ ತಂಡ ಸೇರುತ್ತಾನೆ. ಆದರೆ ಆಗ ಅವನಿಗೆ ಉಳಿದಿರುವ ಆಯುಷ್ಯ ಕೆಲವೇ ಗಂಟೆ. ಕಾಲ ನಿಂತುಹೋದ ಒಂದು ಕೋಣೆಯಲ್ಲಿ ಒಬ್ಬನೇ ಕುಳಿತಿದ್ದು, ತಂಡಕ್ಕೆ ತೀರಾ ಕಷ್ಟ ಬಂದಾಗ ಮಾತ್ರ ಹೊರಗೆ ಬಂದು ಹೋರಾಡುತ್ತಾನೆ. ಬಂದಷ್ಟೂ ಆಯುಷ್ಯ ಕಳೆಯುತ್ತದೆ. ಒಂದು ದಿನ ಮುಗಿದೇ ಹೋಗುತ್ತದೆ.

ಮರುವರ್ಷ, 1993ರಲ್ಲಿ, ಅಮೆರಿಕದವರು ಅದೇ ಹೊಡೆದಾಟದ ದೃಶ್ಯಗಳನ್ನು ಕೊಂಡು ‘ಪವರ್ ರೇಂಜರ್ಸ್’ ಮಾಡಿದರು. ಅದೇ ಹಸಿರು ಕವಚ, ಅದೇ ಕಾಳಗ. ಆದರೆ ಒಳಗಿದ್ದವನ ಕಥೆಯನ್ನು ಬದಲಾಯಿಸಿದರು. ಅಲ್ಲಿ ಟಾಮಿ ಎಂಬ ಶಾಲಾ ಹುಡುಗ ತಾನಾಗಿ ಕೆಟ್ಟವನಾಗಲಿಲ್ಲ, ಮಾಟಗಾತಿ ಅವನ ಮೇಲೆ ಮಂತ್ರ ಹಾಕಿದಳು. ಮಂತ್ರ ಮುರಿದ ಕೂಡಲೇ ಅವನು ಒಳ್ಳೆಯವನು. ತಂಡದವರು ಕೈ ಕುಲುಕುತ್ತಾರೆ, ಮುಂದೆ ಅವನೇ ಎಲ್ಲರ ಅಚ್ಚುಮೆಚ್ಚಿನ ನಾಯಕನಾಗುತ್ತಾನೆ.

ಚಿಕ್ಕವನಿದ್ದಾಗ ನನಗೆ ಟಾಮಿ ಇಷ್ಟ. ಈಗ ಬುರಾಯ್ ಇಷ್ಟ. ಯಾಕೆ ಎಂದು ಹೇಳಲು ನಮ್ಮ ಗುಂಪಿನ ಕಥೆ ಹೇಳಬೇಕು.

ನಾವೂ ಐದು ಜನ. ಹುಣಸೂರಿನವರು ಇಬ್ಬರು, ಕೋಟೆಯವನೊಬ್ಬ, ಕೆ.ಆರ್. ನಗರದ ಒಬ್ಬಳು, ಪಿರಿಯಾಪಟ್ಟಣದಿಂದ ನಾನು. ಡಿಗ್ರಿ ಮುಗಿಸಿ ಹುಣಸೂರಿನಲ್ಲಿ ಸೇರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇವೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೋಚಿಂಗ್‌ಗೆ ಕಟ್ಟಲು ನಮ್ಮಲ್ಲಿ ದುಡ್ಡಿಲ್ಲ. ಆದ್ದರಿಂದ ಒಬ್ಬೊಬ್ಬರು ಒಂದೊಂದು ವಿಷಯ ಓದಿಕೊಂಡು ಬಂದು ಉಳಿದವರಿಗೆ ಹೇಳಿಕೊಡುವುದು ನಮ್ಮ ಪದ್ಧತಿ. ಇತಿಹಾಸ, ಸಂವಿಧಾನ, ವಿಜ್ಞಾನ, ಪ್ರಚಲಿತ ಎಲ್ಲಕ್ಕೂ ಜನ ಇದ್ದಾರೆ. ಗಣಿತ ಮತ್ತು ಮಾನಸಿಕ ಸಾಮರ್ಥ್ಯಕ್ಕೆ ಮಾತ್ರ ಯಾರೂ ಇರಲಿಲ್ಲ. ಐದು ಜನವೂ ಅದರಲ್ಲೇ ಅಂಕ ಕಳೆದುಕೊಳ್ಳುವವರು.

ಆಗ ಬಂದವನು ಅವನು. ಕಾಲೇಜಿನಲ್ಲಿ ನಮ್ಮ ಜೊತೆಗೇ ಇದ್ದವನು. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ‘ನಾನೂ ಓದ್ತೀನಿ, ಮ್ಯಾತ್ಸ್ ನಾನು ಹೇಳ್ಕೊಡ್ತೀನಿ’ ಎಂದ. ನಾವು ಯಾರೂ ಮಾತಾಡಲಿಲ್ಲ. ಯಾಕೆಂದರೆ ಎರಡು ಐಪಿಎಲ್ ಸೀಸನ್ ಅವನು ಬೆಟ್ಟಿಂಗ್ ಐಡಿ ಕೊಡುವ ಏಜೆಂಟ್ ಆಗಿದ್ದ. ಆ ಲೆಕ್ಕದ ತಲೆಯನ್ನು ಅಲ್ಲಿ ಓಡಿಸಿದ್ದ. ಸೋತವರ ದುಡ್ಡಿನಲ್ಲಿ ಅವನಿಗೆ ಪಾಲು. ಕೆ.ಆರ್. ನಗರದ ನಮ್ಮ ಗೆಳತಿಯ ತಮ್ಮ ಅವನ ಹತ್ತಿರ ಐಡಿ ತೆಗೆದುಕೊಂಡು, ಕಾಲೇಜಿಗೆ ಕಟ್ಟಬೇಕಿದ್ದ ಹದಿನೆಂಟು ಸಾವಿರ ಕಳೆದು, ಒಂದು ವರ್ಷ ಓದು ಬಿಟ್ಟು ಗಾರೆ ಕೆಲಸಕ್ಕೆ ಹೋದ.

ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಕಾಯ್ದೆ ಮುಂದೆ ಆಗುವುದನ್ನು ತಡೆಯಬಹುದು. ಆಗಿಹೋದ ಹದಿನೆಂಟು ಸಾವಿರಕ್ಕೆ, ಹೋದ ಒಂದು ವರ್ಷಕ್ಕೆ ಅದು ಏನು ಮಾಡೀತು?

ಗುಂಪಿನಲ್ಲಿ ಚರ್ಚೆಯಾಯಿತು. ಕೋಟೆಯವನು, ‘ಹುಡುಗ ಒಳ್ಳೇವ್ನೆ ಕಣ್ರೋ, ಸಾವಾಸ ಸರಿ ಇರ್ನಿಲ್ಲ’ ಎಂದ. ನಮ್ಮ ಕಡೆ ಈ ಮಾತನ್ನು ಕೇಳದವರು ಯಾರು? ಕುಡಿದು ಬೈಕ್ ಓಡಿಸಿ ಇನ್ನೊಬ್ಬರ ಕಾಲು ಮುರಿದವನ ಬಗ್ಗೆಯೂ ಇದೇ ಮಾತು, ಹುಡುಗಿಯರ ಹಿಂದೆ ಬಿದ್ದು ಕಾಟ ಕೊಟ್ಟವನ ಬಗ್ಗೆಯೂ ಇದೇ ಮಾತು. ಸಹವಾಸ ಎನ್ನುವುದು ನಮ್ಮೂರ ಮಾಟಗಾತಿ. ತಪ್ಪೆಲ್ಲ ಅವಳದು, ಹುಡುಗ ಮಾತ್ರ ಸದಾ ಟಾಮಿ.

ನನ್ನ ಮೊದಲ ತಕರಾರು ಇರುವುದು ಇಲ್ಲಿ. ತಪ್ಪನ್ನು ಮಂತ್ರದ ಮೇಲೆ ಹಾಕಿದರೆ ಕ್ಷಮೆ ಸುಲಭವಾಗುತ್ತದೆ, ನಿಜ. ಆದರೆ ಆಗ ಕ್ಷಮಿಸಲು ಏನು ಉಳಿಯಿತು? ಮಾಡಿದವನು ಅವನೇ ಅಲ್ಲ ಎಂದ ಮೇಲೆ ಬದಲಾಗಬೇಕಾದವನೂ ಅವನಲ್ಲ. ಬುರಾಯ್ ಕಥೆ ದೊಡ್ಡದಾಗುವುದು ಅವನು ತಿಳಿದೇ ಕೆಡುಕು ಮಾಡಿದ್ದರಿಂದ. ತಿಳಿದು ಮಾಡಿದವನು ಮಾತ್ರ ತಿಳಿದು ಬಿಡಬಲ್ಲ.

ಇನ್ನೊಂದು ಕಡೆಯ ವಾದ ಹುಣಸೂರಿನ ಗೆಳೆಯನದು. ‘ಒಂದ್ಸಲ ಆ ಕಡೆ ಹೋದವನು ಹೋದ ಹಾಗೆ. ನಾಳೆ ನಮ್ಮನ್ನೂ ಮಾರ್ತಾನೆ’ ಎಂದ. ಇದನ್ನು ಕೇಳಿದಾಗ ನನಗೆ ನಮ್ಮೂರ ‘ಕುರುಕ್ಷೇತ್ರ’ ನಾಟಕ ನೆನಪಾಯಿತು. ಹಬ್ಬಕ್ಕೆ ಮುಂಚೆ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ದುಡ್ಡು ಹಾಕಿ, ಬೆಳಗಿನವರೆಗೆ ಆಡುವ ನಾಟಕ. ನಾಲ್ಕೂ ತಾಲ್ಲೂಕಿನ ಹಳ್ಳಿಗಳಲ್ಲಿ ಇದುಂಟು. ಧರ್ಮರಾಯನ ಪಾತ್ರಕ್ಕೆ ಅಂಥ ಪೈಪೋಟಿ ನಾನು ಕಂಡಿಲ್ಲ. ದುರ್ಯೋಧನನಿಗೆ, ಕರ್ಣನಿಗೆ ಇದೆ. ಕೃಷ್ಣ ಬಂದು ಜನ್ಮರಹಸ್ಯ ಹೇಳಿ, ತಮ್ಮಂದಿರ ಕಡೆ ಬಾ ಎಂದು ಕರೆದಾಗ ಕರ್ಣ ಒಲ್ಲೆ ಎನ್ನುತ್ತಾನೆ. ಉಂಡ ಮನೆಗೆ ಎರಡು ಬಗೆಯಲಾರೆ ಎನ್ನುತ್ತಾನೆ. ಆಗ ಬೀಳುವ ಶಿಳ್ಳೆ, ನೋಟಿನ ಮಾಲೆ ಬೇರೆ ಯಾವ ಪಾತ್ರಕ್ಕೂ ಬೀಳುವುದಿಲ್ಲ. ನಾನೂ ಅತ್ತವನೇ. ಆದರೆ ದ್ರೌಪದಿಯ ಮಾನ ಕಳೆದ ಸಭೆಯಲ್ಲಿ ಅದೇ ಕರ್ಣ ಕುಳಿತು ಕೀಳು ಮಾತಾಡಿದ್ದ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಅತ್ತ ವಿಭೀಷಣನನ್ನು ನೋಡಿ. ಅಣ್ಣನ ತಪ್ಪನ್ನು ಮುಖದ ಮೇಲೆ ಹೇಳಿ, ರಾಜ್ಯ ಬಿಟ್ಟು, ಸರಿಯಾದ ಕಡೆ ಬಂದವನು. ಅವನ ಹೆಸರನ್ನು ನಾವು ಬಳಸುವುದು ಬೈಗುಳವಾಗಿ. ಪಕ್ಷ ಬಿಟ್ಟವನನ್ನು ವಿಭೀಷಣ ಎನ್ನುತ್ತೇವೆ, ಮನೆ ಮುರಿದವನನ್ನು ವಿಭೀಷಣ ಎನ್ನುತ್ತೇವೆ. ಅಂದರೆ ತಪ್ಪು ಕಡೆಯಲ್ಲೇ ನಿಂತು ಸತ್ತವನಿಗೆ ನೋಟಿನ ಮಾಲೆ, ಬಿಟ್ಟು ಬಂದವನಿಗೆ ಅನುಮಾನ. ‘ಕೆಜಿಎಫ್’ ನೋಡಿ ಬೆಳೆದ ನಮ್ಮ ತಲೆಮಾರು ಇದನ್ನು ಇನ್ನೂ ಮುಂದೆ ಒಯ್ದಿದೆ. 2018ರಲ್ಲಿ ಮೊದಲ ಭಾಗ ಬಂದಾಗಿನಿಂದ ರಾಕಿಯ ಮಾತು, ಗಡ್ಡ, ನಡಿಗೆ ನಮ್ಮ ಹುಡುಗರ ಸ್ಟೇಟಸ್ ಆಗಿವೆ. ನನಗೂ ಆ ಸಿನಿಮಾ ಇಷ್ಟ. ಆದರೆ ತೆರೆಯ ಮೇಲೆ ಕೊನೆಯವರೆಗೂ ಬಗ್ಗದವನಿಗೆ ಕೈ ಮುಗಿದು, ನಮ್ಮ ಬೆಂಚಿನ ಹತ್ತಿರ ತಲೆ ತಗ್ಗಿಸಿ ಬಂದು ನಿಂತವನನ್ನು ಓಡಿಸುತ್ತೇವಲ್ಲ, ಇದು ಯಾವ ನ್ಯಾಯ?

ರಾಮಾಯಣದಲ್ಲೂ ಈ ಚರ್ಚೆ ಆಗಿದೆ. ವಿಭೀಷಣ ಬಂದು ನಿಂತಾಗ ಸುಗ್ರೀವ ಬೇಡ ಎಂದ, ಇವನು ಶತ್ರುವಿನ ಗೂಢಚಾರನಿರಬಹುದು ಎಂದ. ಹನುಮಂತ ಬೇರೆ ಮಾತು ಹೇಳಿದ. ಎಲ್ಲರ ಮಾತು ಕೇಳಿದ ಮೇಲೆ ರಾಮ ಅಭಯ ಕೊಟ್ಟ. ಸುಗ್ರೀವನ ಪ್ರಶ್ನೆ ತಪ್ಪಲ್ಲ. ಸೇರಿಸಿಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಅದು. ಪ್ರಶ್ನೆಗೇ ನಿಂತುಬಿಡುವುದು ತಪ್ಪು.

ಇಷ್ಟು ಹೇಳುವ ನಾನು ಆ ದಿನ ಏನು ಮಾಡಿದೆ? ಸುಮ್ಮನಿದ್ದೆ. ಅದಕ್ಕೆ ಕಾರಣ ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಅವನು ಏಜೆಂಟ್ ಆಗಿದ್ದ ಕಾಲದಲ್ಲಿ ನಮ್ಮೂರಿನ ಇಬ್ಬರನ್ನು ಅವನಿಗೆ ಪರಿಚಯಿಸಿದವನು ನಾನು. ಐನೂರು ರೂಪಾಯಿ ಸಿಕ್ಕಿತ್ತು. ಮೊಬೈಲ್ ರೀಚಾರ್ಜ್‌ಗೆ, ಬಿರಿಯಾನಿಗೆ ಖರ್ಚಾಯಿತು. ಆ ಇಬ್ಬರು ಎಷ್ಟು ಸೋತರೆಂದು ನಾನು ಕೇಳಲೂ ಇಲ್ಲ. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲವಾದ್ದರಿಂದ ನಾನು ಐವರಲ್ಲಿ ಒಬ್ಬ, ಅವನು ಆರನೆಯವನು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬರೀ ಇಷ್ಟೇ.

ಕಾಮೆನ್ ರೈಡರ್ ಕಥೆ 1971ರಲ್ಲಿ ಶುರುವಾದದ್ದೂ ಹೀಗೆಯೇ ಎಂದು ಆಮೇಲೆ ಹೊಳೆಯಿತು. ಹೋಂಗೊ ಎಂಬ ಕಾಲೇಜು ವಿದ್ಯಾರ್ಥಿಯನ್ನು ದುಷ್ಟಕೂಟ ಹೊತ್ತೊಯ್ದು, ತನ್ನ ಕೆಲಸಕ್ಕೆಂದು ಅವನ ಮೈಯನ್ನೇ ಬದಲಾಯಿಸುತ್ತದೆ. ಮನಸ್ಸನ್ನೂ ಬದಲಾಯಿಸುವ ಮುಂಚೆ ಅವನು ತಪ್ಪಿಸಿಕೊಳ್ಳುತ್ತಾನೆ. ಅವನು ಕಾದಾಡುವುದು ಶತ್ರು ಕೊಟ್ಟ ಶಕ್ತಿಯಿಂದಲೇ. ಪೂರ್ತಿ ಶುದ್ಧನಾದ ವೀರ ಅಲ್ಲಿ ಮೊದಲಿನಿಂದಲೂ ಇಲ್ಲ. ನಮ್ಮ ಮನೆಯನ್ನೇ ನೋಡಿದರೆ, ನನ್ನ ಫೀಸು ಬಂದದ್ದು ಯಾರದೋ ಶ್ವಾಸಕೋಶ ಸುಡುವ ಸೊಪ್ಪಿನಿಂದ.

ಮೂರನೆಯ ದಿನ ನಾನು ನನ್ನ ಐನೂರರ ವಿಷಯವನ್ನು ಗುಂಪಿಗೆ ಹೇಳಿದೆ. ಹುಣಸೂರಿನ ಗೆಳೆಯ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟ. ಗೆಳತಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: ‘ನೀವು ನೀವೇ ಕೂತ್ಕೊಂಡು ಸೇರಿಸ್ಕೊಳ್ಳೋಣ್ವಾ ಬೇಡ್ವಾ ಅಂತ ಮಾತಾಡ್ತಿದ್ದೀರಲ್ಲ, ದುಡ್ಡು ಕಳ್ಕೊಂಡಿದ್ದು ನಿಮ್ದಾ? ಅವನು ಮೊದ್ಲು ನನ್ ತಮ್ಮನ ಮುಂದೆ ಬಂದು ನಿಂತ್ಕೊಳ್ಳಿ.’

ಯಾವ ಸರಣಿಯಲ್ಲೂ ನನಗೆ ಸಿಗದಿದ್ದ ಮಾತು ಅದು. ಅಲ್ಲಿ ಆರನೆಯವನನ್ನು ಒಪ್ಪುವುದು ನಾಯಕ. ಇವನಿಂದ ಮನೆ ಕಳೆದುಕೊಂಡ ಊರಿನ ಜನರನ್ನು ಯಾರೂ ಕೇಳುವುದಿಲ್ಲ. ಬಾಗಿಲು ತೆರೆಯುವ ಹಕ್ಕು ನಮ್ಮದಾಗಿರಲೇ ಇಲ್ಲ.

ಅವನು ಕೆ.ಆರ್. ನಗರಕ್ಕೆ ಹೋದ. ಜೊತೆಗೆ ನಾನೂ ಹೋದೆ. ತಮ್ಮ ಮನೆಯ ಹೊರಗೇ ನಿಂತು ಮಾತಾಡಿದ, ಒಳಗೆ ಕರೆಯಲಿಲ್ಲ. ಇವನು ಸಹವಾಸದ ಮಾತೆತ್ತಲಿಲ್ಲ. ‘ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ’ ಎಂದ. ತಿಂಗಳಿಗೆ ಎರಡು ಸಾವಿರದಂತೆ ಕೊಡುತ್ತೇನೆ ಎಂದ. ತಮ್ಮ ‘ಸರಿ’ ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಕ್ಷಮಿಸಿದನೋ ಇಲ್ಲವೋ ನಾವು ಕೇಳಲಿಲ್ಲ. ನಮ್ಮೂರಿನ ಆ ಇಬ್ಬರ ಮನೆಗೂ ಹೋದೆವು. ಒಬ್ಬರ ಮನೆಯಲ್ಲಿ ಬೈಗುಳ ತಿಂದೆವು, ತಿನ್ನಬೇಕಾದದ್ದೇ.

ಈಗ ಅವನು ಬೆಳಿಗ್ಗೆ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದು, ಮಧ್ಯಾಹ್ನ ನಮ್ಮ ಜೊತೆ ಓದುತ್ತಾನೆ. ಮೂರು ಕಂತು ಕೊಟ್ಟಿದ್ದಾನೆ. ಗುಂಪಿನ ಜೆರಾಕ್ಸ್ ದುಡ್ಡು ಅವನ ಕೈಯಲ್ಲಿ ಇಡುವುದಿಲ್ಲ, ಅದನ್ನು ಅವನೇ ಬೇಡ ಎಂದ. ಶೇಕಡಾವಾರು, ಕಾಲ ಮತ್ತು ಕೆಲಸದ ಲೆಕ್ಕ ನಮಗೆ ಈಗ ಬರುತ್ತದೆ. ಗೆಳತಿ ಅವನ ಪಾಠ ಕೇಳುತ್ತಾಳೆ, ಟೀ ಕುಡಿಯಲು ಮಾತ್ರ ಅವನ ಜೊತೆ ಬರುವುದಿಲ್ಲ. ಅದು ಅವಳ ಹಕ್ಕು.

ಕೆಲಸಕ್ಕೆ ಅಲೆಯುತ್ತಿರುವ ನಮ್ಮ ವಯಸ್ಸಿನಲ್ಲಿ ಸುಲಭದ ದುಡ್ಡಿನ ಕರೆ ಎಲ್ಲರ ಮೊಬೈಲ್‌ಗೂ ಬರುತ್ತದೆ. ನಮ್ಮಲ್ಲಿ ಕೆಲವರು ಹೋಗುತ್ತಾರೆ, ಕೆಲವರು ತಿರುಗಿ ಬರುತ್ತಾರೆ. ಬಂದವರನ್ನು ಹೀರೊ ಮಾಡುವುದು ಬೇಡ, ಮಂತ್ರಕ್ಕೆ ಸಿಕ್ಕಿದ್ದ ಪಾಪದವರು ಎನ್ನುವುದೂ ಬೇಡ. ಮಾಡಿದ್ದನ್ನು ಅವರ ಬಾಯಿಂದಲೇ ಹೇಳಲಿ, ನೊಂದವರ ಮುಂದೆ ಹೇಳಲಿ, ಆದಷ್ಟು ತೀರಿಸಲಿ. ಆಮೇಲೆ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡೋಣ. ಬುರಾಯ್‌ಗೆ ಇದ್ದದ್ದು ಕೆಲವೇ ಗಂಟೆ. ನಮ್ಮ ಹುಡುಗರಿಗೆ ಇಡೀ ಆಯುಷ್ಯವಿದೆ. ಕಾಲ ನಿಂತ ಕೋಣೆಯಲ್ಲಿ ಅವರನ್ನು ಕೂಡಿಹಾಕುವುದು ಬೇಡ.