ಮಳಖೇಡದ ದಾರಿಯಲ್ಲಿ ಕೂತು ಮಾಯಾಕಥೆ ಬೇಡ ಎನ್ನುವವರಿಗೆ

ಕಲಬುರಗಿಯ ಸೇಡಂ ರಸ್ತೆಯ ಮನೆಗಳಲ್ಲಿ ಈಚೆಗೆ ಒಂದೇ ದೂರು. ಒಂಬತ್ತು, ಹತ್ತನೇ ತರಗತಿಯ ಹುಡುಗ ಹುಡುಗಿಯರು ಹ್ಯಾರಿ ಪಾಟರ್, ಪರ್ಸಿ ಜಾಕ್ಸನ್ ಸರಣಿ ಹಿಡಿದು ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲವಂತೆ. ‘ಮಾಟ ಮಂತ್ರದ್ ಪುಸ್ತಕ ಓದಿ ಏನ್ ಉದ್ಧಾರ ಆಗ್ತಾವ್ರಿ ಇವು?’ ಎಂದು ಕೇಳುವವರಲ್ಲಿ ಪಾಲಕರಿದ್ದಾರೆ, ಮಾಸ್ತರರಿದ್ದಾರೆ, ವಿಚಾರವಾದಿ ಗೆಳೆಯರೂ ಇದ್ದಾರೆ. ಎಲ್ಲರಿಗೂ ಇಲ್ಲೇ ಉತ್ತರ ಕೊಡುತ್ತೇನೆ.

ಇವು ನಮ್ಮ ಕಥೆಗಳಲ್ಲ, ಪವಾಡ ಮಾಡುವ ಪೋರರೆಲ್ಲ ಪರದೇಶದ ಸರಕು ಎಂಬುದು ಮೊದಲ ಆಕ್ಷೇಪ. ಬೇರೆ ಊರಿನವರು ಹೀಗೆಂದಿದ್ದರೆ ಸುಮ್ಮನಿರಬಹುದಿತ್ತು. ಇದೇ ರಸ್ತೆ ಹಿಡಿದು ಸುಮಾರು 40 ಕಿಲೋಮೀಟರ್ ಹೋದರೆ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 10ನೇ ಶತಮಾನದಲ್ಲಿ ಪುಷ್ಪದಂತನೆಂಬ ಜೈನಕವಿ ಅಪಭ್ರಂಶದಲ್ಲಿ ‘ಣಾಯಕುಮಾರಚರಿಉ’ ಬರೆದ. ಅದರ ನಾಯಕ ನಾಗಕುಮಾರ ಎಳೆಯನಿದ್ದಾಗ ಬಾವಿಗೆ ಬೀಳುತ್ತಾನೆ, ನಾಗನ ರಕ್ಷಣೆಯಲ್ಲಿ ಬೆಳೆದು ವಿದ್ಯೆಗಳನ್ನು ಕಲಿಯುತ್ತಾನೆ. ಆಮೇಲೆ ಮಲತಾಯಿಯ ಮಗನ ಹೊಟ್ಟೆಕಿಚ್ಚು, ಊರು ಬಿಟ್ಟು ಅಲೆದಾಟ, ಒಂದರ ಹಿಂದೊಂದು ಸಾಹಸ. ಪಂಚಮಿ ವ್ರತದ ಫಲ ಹೇಳುವುದು ಕವಿಯ ಉದ್ದೇಶ, ನಿಜ. ಆದರೆ ಕೇಳುಗರನ್ನು ಹಿಡಿದು ಕೂರಿಸಿದ್ದು ವ್ರತವೋ ಹುಡುಗನ ವಿದ್ಯೆಗಳೋ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಈ ನಾಗಕುಮಾರ ಕನ್ನಡದ ಸಾಂಗತ್ಯಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಬಾಹುಬಲಿ ಕವಿಯ ಕೈಯಲ್ಲಿ. ಪರಭಾಷೆಯಿಂದ ಬಂದನೆಂದು ಅವನನ್ನು ಯಾರೂ ಹೊರಗಟ್ಟಲಿಲ್ಲ.

ವಿಚಾರವಾದಿಗಳ ಮಾತಿಗೆ ಹೆಚ್ಚು ತೂಕವಿದೆ. ಮೌಢ್ಯ ಈಗಾಗಲೇ ಸಾಕಷ್ಟಿರುವ ಜಿಲ್ಲೆಯಲ್ಲಿ ಮಕ್ಕಳಿಗೆ ಇನ್ನಷ್ಟು ಮಂತ್ರದಂಡ ಯಾಕೆ ಎನ್ನುತ್ತಾರೆ ಅವರು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತದ್ದನ್ನು ದೇಶವೆಲ್ಲ ನೋಡಿತು. ಹಾಗೆ ಮಾಡಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ. ಆ ಗುಂಡಿ ತೋಡಿಸಿದ್ದು ಯಾವ ಕಾದಂಬರಿಯೂ ಅಲ್ಲ. ಮಾಯಾಕಥೆ ಓದುವ ಹುಡುಗಿಗೆ ಇದು ಯಾರೋ ಕಟ್ಟಿದ ಕಥೆ ಎಂಬುದು ಮೊದಲ ಪುಟದಿಂದಲೇ ಗೊತ್ತು. ಪೊರಕೆ ಹತ್ತಿ ಮಾಳಿಗೆಯಿಂದ ಹಾರಲು ಅವಳೇನೂ ಹೋಗುವುದಿಲ್ಲ. ಕಟ್ಟುಕಥೆಯನ್ನು ಕಟ್ಟುಕಥೆಯೆಂದೇ ಸವಿಯುವ ಅಭ್ಯಾಸ ಇದ್ದವರು, ಯಾರಾದರೂ ಕಟ್ಟುಕಥೆಯನ್ನು ಸತ್ಯವೆಂದು ಮಾರಲು ಬಂದಾಗ ಬೇಗ ಗುರುತಿಸುತ್ತಾರೆ ಎಂದು ನನ್ನ ಅನಿಸಿಕೆ. ಗೆಳೆಯರು ಒಪ್ಪಲಿಕ್ಕಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತು ಎತ್ತುವವರಿಗೆ ಉದ್ದದ ಉತ್ತರ ಬೇಕಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆ ಶೇ 42.43 ಪಡೆದು ರಾಜ್ಯಕ್ಕೇ ಕೊನೆಯಲ್ಲಿ ನಿಂತಿತು. ಪುಸ್ತಕ ಓದೀ ಓದೀ ಮಕ್ಕಳು ನಪಾಸಾದರು ಎಂದು ಯಾರಾದರೂ ಎದೆ ಮುಟ್ಟಿ ಹೇಳಲಿ ನೋಡೋಣ.

ಇನ್ನು ‘ಬದುಕಿನಿಂದ ಓಡಿಹೋಗುವ ಓದು’ ಎಂಬ ಆಪಾದನೆ. ಇದನ್ನು ಹೊರಿಸುವವರು ಆ ಪುಸ್ತಕಗಳನ್ನು ತೆರೆದಿಲ್ಲ ಎಂದೇ ನನ್ನ ಗುಮಾನಿ. ಪರ್ಸಿ ಜಾಕ್ಸನ್ ಸರಣಿ ಬರೆದ ರಿಕ್ ರಿಯೋರ್ಡನ್ ಅವರ ಮಗನಿಗೆ ಅಕ್ಷರ ಓದುವುದೇ ಕಷ್ಟ, ಒಂದು ಕಡೆ ಕೂರುವುದೂ ಕಷ್ಟ. ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಎರಡೂ ಇದ್ದವು. ಅವನಿಗೆ ರಾತ್ರಿ ಮಲಗುವಾಗ ಹೇಳಿದ ಕಥೆಯೇ 2005ರಲ್ಲಿ ಆ ಸರಣಿಯ ಮೊದಲ ಪುಸ್ತಕವಾಯಿತು. ಶಾಲೆಯಿಂದ ಶಾಲೆಗೆ ಓಡಿಸಿಕೊಂಡ ಹುಡುಗ ಪರ್ಸಿಯ ಅದೇ ತೊಡಕುಗಳು ಅಲ್ಲಿ ಅವನ ಶಕ್ತಿಯ ಗುರುತಾಗುತ್ತವೆ. ಇದನ್ನು ಓದಿ ನನಗೆ ನೆನಪಾದದ್ದು ಕವಿ ರಾಘವಾಂಕನ ಕಾವ್ಯದ ಸಿದ್ಧರಾಮ. ಪಕ್ಕದ ಸೊಲ್ಲಾಪುರದ ಆ ದನ ಕಾಯುವ ಹುಡುಗನನ್ನು ಮಂಕನೆಂದೇ ಎಲ್ಲರೂ ಎಣಿಸಿದ್ದರು. ಶಿವ ಮಲ್ಲಯ್ಯನಾಗಿ ಹುಡುಕಿಕೊಂಡು ಬಂದದ್ದು ಅವನನ್ನೇ.

ಶಕ್ತಿ ಇದ್ದರೆ ಸುಖ ಎಂದೂ ಈ ಕಥೆಗಳು ಹೇಳುವುದಿಲ್ಲ. ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ, ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೆ ಮೂಲವಾದ ಜನಪದ ಕಥೆಯಲ್ಲಿ ಬಡವರ ಮನೆಯ ಹುಡುಗಿ ಹೂವಿನ ಮರವಾಗಬಲ್ಲಳು. ಎರಡು ಕೊಡ ನೀರು ಸುರಿಯಬೇಕು, ಎಲೆ ಚಿಗುರು ಮುರಿಯದಂತೆ ಹೂ ಬಿಡಿಸಬೇಕು, ಅಷ್ಟೇ ಕರಾರು. ಅಕ್ಕ ಅದನ್ನು ಪಾಲಿಸುತ್ತಾಳೆ. ಗಂಡನ ಮನೆಯ ನಾದಿನಿಯ ಗೆಳತಿಯರು ಟೊಂಗೆ ಮುರಿದು ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಬಿದ್ದಿರುತ್ತಾಳೆ. ತನ್ನ ಮೈ ಬದಲಾಗುತ್ತಿರುವ, ಅದರ ಮೇಲೆ ಕಂಡವರ ಕಣ್ಣು ಬೀಳುತ್ತಿರುವ ಹದಿನಾಲ್ಕರ ಹುಡುಗಿಗೆ ಇದಕ್ಕಿಂತ ನೇರವಾಗಿ ಬದುಕಿನ ವಿಷಯ ಹೇಳುವ ಪಾಠ ನಮ್ಮ ಪಠ್ಯದಲ್ಲಿ ಎಲ್ಲಿದೆ?

ಒಂದು ಮಾತು ಮಾತ್ರ ಒಪ್ಪುತ್ತೇನೆ. ಸರಣಿಗಳಲ್ಲಿ ಜಾಳು ಬಹಳ. ಮೂರಕ್ಕೆ ಮುಗಿಯುವ ಕಥೆಯನ್ನು ಮಾರಾಟಕ್ಕಾಗಿ ಏಳಕ್ಕೆ ಎಳೆಯುವವರಿದ್ದಾರೆ. ಆದರೆ ಮಕ್ಕಳೂ ಅದನ್ನು ನಡುವೆಯೇ ಬಿಸಾಡುತ್ತಾರೆ. ಆ ವಿಷಯದಲ್ಲಿ ಅವರು ನಮಗಿಂತ ನಿಷ್ಠುರರು.

ಕೊನೆಯದು ಕನ್ನಡದ ಕೊರಗು: ಇದರಿಂದ ಮಕ್ಕಳು ಇಂಗ್ಲಿಷಿನ ಪಾಲಾಗುತ್ತಾರಂತೆ. ಆಗಬಹುದು. ಅದಕ್ಕೆ ಹೊಣೆ ಯಾರು? ಪುಟ್ಟ ಮಕ್ಕಳಿಗೆ ನಮ್ಮಲ್ಲಿ ಬರೆಯುವವರಿದ್ದಾರೆ. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ಗೆ 2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವನ್ನು ದಾಟಿದ ಹುಡುಗನಿಗೆ ನಾವು ಕೈಗೆ ಕೊಡುವುದು ನೇರವಾಗಿ ಕಾರಂತರನ್ನು, ಭೈರಪ್ಪನವರನ್ನು. ನಡುವಿನ ನಾಲ್ಕೈದು ವರ್ಷ ಅವನು ಏನು ಓದಬೇಕು? 2020ರ ಫೆಬ್ರುವರಿಯಲ್ಲಿ ಇದೇ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರಾಗಿದ್ದ ಎಚ್.ಎಸ್. ವೆಂಕಟೇಶಮೂರ್ತಿ ಸ್ವತಃ ಮಕ್ಕಳಿಗಾಗಿ ಪದ್ಯ, ನಾಟಕ ಬರೆದವರು. ಅಲ್ಲಿನ ಪುಸ್ತಕ ಮಳಿಗೆಗಳಲ್ಲಿ ಹದಿನೈದರ ಹುಡುಗಿಯೊಬ್ಬಳು ತನ್ನ ವಯಸ್ಸಿನವರ ಮಾಯಾಕಥೆಯ ಕನ್ನಡ ಸರಣಿ ಕೇಳಿದ್ದರೆ, ಬಹುಶಃ ಅವಳ ಕೈಗೆ ಬಣ್ಣದ ಚಿತ್ರಗಳ ಪಂಚತಂತ್ರ ಕೊಟ್ಟು ಕಳಿಸುತ್ತಿದ್ದರು.