ಪೇಟಿ ಮಾಸ್ತರನಿಗೆ ಕೂಲಿ, ಕವಿಗೆ ಬರೀ ಚಪ್ಪಾಳೆ!



ನಗರದಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರಿಗೆ ಹೇಮಗುಡ್ಡ ಗೊತ್ತು? ಗಂಗಾವತಿ ತಾಲ್ಲೂಕಿನಲ್ಲಿದೆ. ಹಳೆಯ ಕೋಟೆ, ದುರ್ಗಾದೇವಿಯ ಗುಡಿ, ದಸರೆ ಬಂತೆಂದರೆ ಆನೆಯ ಮೇಲೆ ಅಂಬಾರಿ. ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮನ ಕುಮ್ಮಟದುರ್ಗವೂ ಅದೇ ಸೀಮೆಯದು. ಅವನ ಕಥೆಯನ್ನು ಅಲ್ಲಿನ ಹೆಣ್ಣುಮಕ್ಕಳು, ಗಂಡಸರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ.

ಆ ಕುಮಾರರಾಮ ಯಾರ ಸ್ವತ್ತು?

ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಕಥೆಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟೇ 1978ರಲ್ಲಿ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಹೇಳಿದೆ. ಆದರೆ ಅದೇ ಕಥೆಯನ್ನು ಹಿಡಿದು ಒಬ್ಬ ಕವಿ (ನಮ್ಮ ಉತ್ತರ ಕರ್ನಾಟಕದಲ್ಲಿ ನಾಟಕ ಬರೆಯುವವನನ್ನೂ ಕವಿ ಅಂತಲೇ ಕರೆಯುತ್ತಾರೆ, ಚೆಂದದ ಮಾತು) ನಿದ್ದೆಗೆಟ್ಟು ಸಂಭಾಷಣೆ ಬರೆದ, ಹಾಡು ಕಟ್ಟಿದ ಅಂದುಕೊಳ್ಳಿ. ಆ ಸಂಭಾಷಣೆ ಅವನದು, ಆ ಹಾಡು ಅವನದು. ಅವನ್ನು ರಂಗಕ್ಕೆ ತರುವ ಹಕ್ಕೂ ಅವನದೇ.

ಹಳ್ಳಿಯ ನಾಟಕದ ಲೆಕ್ಕ ನೋಡಿದ್ದೀರಾ? ಪೇಟಿ ಮಾಸ್ತರನಿಗೆ ಮುಂಗಡ. ತಬಲಾದವನಿಗೆ, ಸೀನು-ಪರದೆಯವನಿಗೆ, ಮೈಕಿನವನಿಗೆ, ದೂರದೂರಿನಿಂದ ಬರುವ ಪಾತ್ರಧಾರಿಣಿಗೆ ಮುಂಗಡ. ಕೊಡಲೇಬೇಕು, ದುಡಿದವರು ಅವರು. ಕವಿಗೆ? ಪುಸ್ತಕದ ಮೊದಲ ಪುಟದಲ್ಲೇ ‘ಆಡುವ ಮುನ್ನ ಅಪ್ಪಣೆ ಪಡೆಯಿರಿ’ ಎಂಬರ್ಥದ ಸೂಚನೆ ಅಚ್ಚಾಗಿರುತ್ತದೆ. ಆ ಪುಟ ತಿರುವಿ ಹಾಕಿ ನೇರ ನಾಂದಿಗೆ ಹೋಗುತ್ತೇವೆ! ‘ಪುಸ್ತಕ ದುಡ್ಡು ಕೊಟ್ಟು ತಂದೀವಲ್ರೀ’ ಎಂಬ ಉತ್ತರ ಸಿದ್ಧವಿರುತ್ತದೆ. ಪುಸ್ತಕ ಕೊಂಡರೆ ಓದುವುದಕ್ಕಾಯಿತು. ಆಡುವ ಹಕ್ಕು ಬೇರೆ, ಅಚ್ಚು ಹಾಕುವ ಹಕ್ಕು ಬೇರೆ.

ಈ ಭೇದ ನಿನ್ನೆ ಮೊನ್ನೆಯದಲ್ಲ. ಫ್ರಾನ್ಸಿನ ನಾಟಕಕಾರರು ಕಂಪನಿ ಮಾಲೀಕರ ವಿರುದ್ಧ 1777ರಲ್ಲೇ ಒಗ್ಗಟ್ಟಾದರು, 1791ರಲ್ಲಿ ಕಾನೂನನ್ನೇ ತಂದರು. ಇಂಗ್ಲೆಂಡಿನಲ್ಲಿ ಪ್ರದರ್ಶನದ ಹಕ್ಕಿಗೆ 1833ರಲ್ಲಿ ಕಾಯ್ದೆ ಆಯಿತು. 1847ರಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲಿನಲ್ಲಿ ಬೂರ್ಜೆ ಎಂಬ ಹಾಡುಗಾರಿಕೆಯ ಕವಿ ಕೂತಿದ್ದ. ಅಲ್ಲಿ ಅವನದೇ ಹಾಡು ಕೇಳಿಬಂತು. ‘ನನ್ನ ಹಾಡಿಗೆ ನೀವು ದುಡ್ಡು ಕೊಡುವುದಿಲ್ಲ, ನಿಮ್ಮ ಸಕ್ಕರೆ ನೀರಿಗೆ ನಾನೇಕೆ ಕೊಡಲಿ’ ಎಂದು ಪಟ್ಟು ಹಿಡಿದ. ಕೋರ್ಟಿನಲ್ಲಿ ಗೆದ್ದ. 1851ರಲ್ಲಿ ಅವನ ಜೊತೆಯವರು ಸೇರಿ ರಾಯಲ್ಟಿ ವಸೂಲಿಯ ಸಂಘವನ್ನೇ ಕಟ್ಟಿದರು.

ನಮ್ಮಲ್ಲಿ? ಬ್ರಿಟಿಷರ 1914ರ ಕಾಯ್ದೆ ಇತ್ತು. ಹೇಮಗುಡ್ಡದ ಸೀಮೆ ಆಗ ನಿಜಾಮನ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಅದು ಕನ್ನಡ ನಾಡಿನೊಂದಿಗೆ ಕೂಡಿತು. ಅದಾಗಿ 15 ತಿಂಗಳು ತುಂಬುವ ಮೊದಲೇ, 1958ರ ಜನವರಿ 21ರಂದು, ಈಗಿನ 1957ರ ಕಾಯ್ದೆ ಜಾರಿಗೆ ಬಂತು. ಕವಿ ತೀರಿಕೊಂಡ ಮೇಲೂ 50 ವರ್ಷ ಹಕ್ಕು ಎಂದಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯಿತು ನೋಡಿ, ದಿಲ್ಲಿಗೆ ಎಚ್ಚರವಾಯಿತು! 1992ರಲ್ಲಿ ಅದು 60 ಆಯಿತು. ಬಂಗಾಳಿಗಳು ತಮ್ಮ ಕವಿಗಾಗಿ ಹೊಡೆದಾಡಿದ್ದರಿಂದ ನಮ್ಮ ಕವಿಗಳಿಗೂ 10 ವರ್ಷ ಸಿಕ್ಕಿತು. ನಮ್ಮವರಿಗಾಗಿ ನಾವು ಏನು ಮಾಡಿದೆವು ಎಂದು ಕೇಳಿದರೆ ತಲೆ ತಗ್ಗಿಸಬೇಕು.

ಹಾಗಾಗಿ ಲೆಕ್ಕ ಹೀಗೆ: 1946ರಲ್ಲಿ ತೀರಿಕೊಂಡ ಕೈಲಾಸಂ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಮತ್ತು ಕೊಪ್ಪಳ ಸೀಮೆಯದೇ ದ್ಯಾಂಪುರದ ಸಿದ್ಧಯ್ಯ ಪುರಾಣಿಕ, ಇಬ್ಬರೂ 1994ರಲ್ಲಿ ಹೋದವರು. ಅವರ ಹಕ್ಕು 2054ರವರೆಗೆ.

ಕೋರ್ಟು ಕನ್ನಡದ ವಿಷಯದಲ್ಲೇ ಇದನ್ನು ತೂಗಿ ನೋಡಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ‘ಯಕ್ಷರಂಗ’ ಕಟ್ಟಿದರು. ಅದರ ಹಕ್ಕನ್ನು ಉಯಿಲಿನಲ್ಲಿ ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿಯವರು ದಿಲ್ಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿದರು, ಅಪ್ಪಣೆ ಕೇಳಲಿಲ್ಲ. ಉಡುಪಿಯಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಜನವರಿಯ ತೀರ್ಪು ಆಕೆಯ ಹಕ್ಕನ್ನು ಎತ್ತಿಹಿಡಿಯಿತು. ಮಹಾಭಾರತ ಎಲ್ಲರದು, ಕಾರಂತರು ಕಟ್ಟಿದ ಪ್ರಸಂಗ ಕಾರಂತರದು. ಆದರೆ ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳು ಎಲ್ಲರಿಗೂ ಉಂಟು ಎಂದೂ ಕೋರ್ಟು ಹೇಳಿತು.

ಆ ವಿನಾಯಿತಿಯನ್ನು ಹಳ್ಳಿಯ ಹುಡುಗರು ತಿಳಿದುಕೊಳ್ಳಬೇಕು, ಯಾಕೆಂದರೆ ಅದು ಅವರಿಗಾಗಿಯೇ ಇದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ, ಇಲ್ಲವೇ ಗುಡಿಯ ಸಹಾಯಾರ್ಥ ಆಡಿದರೆ, ಅದು ತಪ್ಪಲ್ಲ. ನಿಜವಾದ ಧಾರ್ಮಿಕ ವಿಧಿಯಲ್ಲಿ, ಮದುವೆಯ ದಿಬ್ಬಣದಲ್ಲಿ ಹಾಡಿದರೂ ತಪ್ಪಲ್ಲ. ಹೇಮಗುಡ್ಡದ ದೇವಿಯ ಮುಂದೆ ಊರ ಹುಡುಗರು ಬಣ್ಣ ಹಚ್ಚಿಕೊಂಡು ಪುಕ್ಕಟೆ ಆಡುವ ನಾಟಕಕ್ಕೆ ಯಾವ ಕೋರ್ಟೂ ಕೈ ಹಚ್ಚುವುದಿಲ್ಲ. ಆದರೆ ಟಿಕೆಟ್ ಹರಿದು ಗಲ್ಲಾ ತುಂಬಿಸುವ ಕಂತ್ರಾಟುದಾರ ದೇವಿಯ ಫೋಟೋ ಮುಂದಿಟ್ಟುಕೊಂಡು ಅದೇ ವಿನಾಯಿತಿ ಕೇಳಿದರೆ ಅದು ಮೋಸ. ಪುಕ್ಕಟೆ ಆಡಿದ್ದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿ ಹಣ ಎಣಿಸುವುದಕ್ಕೂ ಈ ಕಲಮು ನೆರಳಾಗುವುದಿಲ್ಲ.

ಸಿನಿಮಾ ಹಾಡಿನ ಕಥೆ ಇನ್ನೂ ಕಹಿ. 1977ರಲ್ಲಿ ಸುಪ್ರೀಂ ಕೋರ್ಟು ನಿರ್ಮಾಪಕನನ್ನೇ ಯಜಮಾನನೆಂದಿತು. ಬರೆದವನಿಗೂ ಸ್ವರ ಹಾಕಿದವನಿಗೂ ರಾಯಲ್ಟಿಯ ಸಮಪಾಲು ಬಿಟ್ಟುಕೊಡಲಾಗದ ಹಕ್ಕಾದದ್ದು 2012ರ ತಿದ್ದುಪಡಿಯಲ್ಲಿ. ಕರ್ನಾಟಕವನ್ನೆಲ್ಲ ಹಾಡಿಸಿದ ಚಿ. ಉದಯಶಂಕರ್ ಅಷ್ಟರಲ್ಲಿ ತೀರಿಕೊಂಡು ಸುಮಾರು 19 ವರ್ಷ ಕಳೆದಿತ್ತು.

ಈಗ ನಿಮ್ಮ ಸರದಿ, ನಗರದ ಗೆಳೆಯರೇ. ನವೆಂಬರ್ ಬಂತೆಂದರೆ ಬೀದಿಗೊಂದು ಆರ್ಕೆಸ್ಟ್ರಾ, ಧ್ವನಿವರ್ಧಕಕ್ಕೆ, ಫ್ಲೆಕ್ಸಿಗೆ, ಹಾರ ತುರಾಯಿಗೆ ಚಂದಾ. ಕನ್ನಡ ಹಾಡನ್ನೇ ಹಾಡಬೇಕೆಂದು ಜಗಳವನ್ನೂ ಆಡುತ್ತೇವೆ, ಸರಿಯಾದ ಜಗಳ. ಆ ಹಾಡು ಬರೆದವರು ಯಾರೆಂದು ಕರಪತ್ರದಲ್ಲಿ ಒಂದು ಸಾಲು ಇರುತ್ತದೆಯೇ? ಪುಕ್ಕಟೆ ಕಾರ್ಯಕ್ರಮಕ್ಕೆ ಕಾನೂನು ದುಡ್ಡು ಕೇಳದಿರಬಹುದು, ಕೊಡಬೇಡಿ ಎಂದೂ ಹೇಳಿಲ್ಲ. ಸರ್ಕಾರಿ ಸಮಾರಂಭಕ್ಕೂ ವಿನಾಯಿತಿ ಇದೆಯಂತೆ! ವೇದಿಕೆಗೆ, ಪೆಂಡಾಲಿಗೆ ಬಿಲ್ಲು ಪಾಸು ಮಾಡುವ ಇಲಾಖೆಗೆ ಕವಿಯ ಬಿಲ್ಲು ಮಾತ್ರ ಭಾರವೇ?

ಬರೆಯುವ ಗೆಳೆಯರಿಗೂ ಒಂದು ಮಾತು. ‘ಸರ್ವ ಹಕ್ಕು’ ಎಂದು ಗೀಚಿದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆಂದು ಬರೆದಿರದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಹಳೆಯ ಕರಾರು ಪೆಟ್ಟಿಗೆಯಲ್ಲಿದ್ದರೆ ಇವತ್ತೇ ತೆಗೆದು ತಾರೀಖು ನೋಡಿ.

ಈ ಸಲ ಚಂದಾ ಪುಸ್ತಕ ಹಿಡಿದು ಹೊರಡುವ ಮೊದಲು ಖರ್ಚಿನ ಪಟ್ಟಿಯಲ್ಲಿ ಮೈಕಿನವನ ಮೇಲೆ ಒಂದು ಸಾಲು ಸೇರಿಸಿ: ‘ಕವಿಗೆ’. ಎಷ್ಟು ಎಂಬುದನ್ನು ಅವರನ್ನೇ ಕೇಳಿ.