ಬೂದಿಗೆ ಹೆದರಬೇಡಿ, ನಾರು ಯಾವುದೆಂದು ಕೇಳಿ

ಹೈನುಗಾರ ಅಕ್ಕ-ತಂಗಿಯರೇ,

ಸವಣೂರು ಭಾಗದಲ್ಲಿ ದನಗಳ ಚಿಕಿತ್ಸೆಗೆ ಹೋದಾಗ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: "ಈಗಿನ ಸಿಮೆಂಟು, ಶೀಟು ಎಲ್ಲಾ ಬರೇ ಬೂದಿ ಕಲಬೆರಕಿರೀ ಡಾಕ್ಟ್ರೇ." ಕೊಟ್ಟಿಗೆ ಕಟ್ಟಿಸುವವರಿಗೆ ಈ ಅನುಮಾನ ಸಹಜ. ಆದರೆ ನಾವು ಹೆದರಬೇಕಾದದ್ದು ಬೂದಿಗಲ್ಲ, ಶೀಟಿನೊಳಗಿನ ನಾರಿಗೆ ಎಂಬುದು ನನ್ನ ಅಭಿಪ್ರಾಯ.

ಇದು ಒಲೆಯ ಬೂದಿಯಲ್ಲ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯಿಂದ ಹಿಡಿದಿಡುವ ನುಣ್ಣನೆಯ ಹಾರುಬೂದಿ. ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಹಾರುಬೂದಿ ಆ ಸುಣ್ಣದೊಂದಿಗೆ ನಿಧಾನವಾಗಿ ಕೂಡಿ ತಾನೂ ಗಟ್ಟಿಯಾಗುತ್ತದೆ. ಪಿಪಿಸಿ ಸಿಮೆಂಟಿನಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಇರಲು ಐಎಸ್ 1489 ಮಾನದಂಡವೇ ಒಪ್ಪುತ್ತದೆ. ಗಂಜಲ, ರಸಮೇವಿನ ಹುಳಿ ನೀರು ಕೊಟ್ಟಿಗೆಯ ನೆಲವನ್ನು ತಿನ್ನುವಾಗ ಮೊದಲು ಕರಗುವುದು ಆ ಸುಣ್ಣವೇ. ಹಾಗಾಗಿ ಬೂದಿ ಬೆರೆತ ಸಿಮೆಂಟ್ ನಮ್ಮ ಕೊಟ್ಟಿಗೆಗೆ ಒಳ್ಳೆಯದು. ಆದರೆ ನೆಲ ಹಾಕಿದ ಮೇಲೆ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ನೀರುಣಿಸಲೇಬೇಕು.

ಇನ್ನು ಚಾವಣಿ ಶೀಟು. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಸಿಮೆಂಟ್ ಶೀಟಿಗೆ ನಾರು ಬೇಕು. ಬಹುತೇಕ ಹಳೆಯ ಶೀಟುಗಳಲ್ಲಿರುವುದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಅದರ ಎಳೆ ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ಬರಬಹುದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 60ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಮಾರಾಟವಿದೆ. ಅಂಥ ಶೀಟಿಗೂ ಹಾರುಬೂದಿ ಹಾಕುತ್ತಾರೆ. ಬೂದಿ ಇದೆಯೆಂದ ಮಾತ್ರಕ್ಕೆ ಶೀಟು ಸುರಕ್ಷಿತವಲ್ಲ.

ಬದಲಿ ಇದೆ. ಮರದ ತಿರುಳಿನ ನಾರು ಅಥವಾ ಕೃತಕ ನಾರು ಹಾಕಿದ ಶೀಟುಗಳು ಸಿಗುತ್ತವೆ. ನಾವು ಹಗ್ಗ ಹೊಸೆಯುವ ಪುಂಡಿ ನಾರಾಗಲಿ, ಮರದ ನಾರಾಗಲಿ, ಸಿಮೆಂಟಿನ ಸುಣ್ಣಕ್ಕೆ ಸಿಕ್ಕರೆ ಕ್ರಮೇಣ ಸವೆಯುತ್ತದೆ. ಹಾರುಬೂದಿಯೋ ಭತ್ತದ ಹೊಟ್ಟಿನ ಬೂದಿಯೋ ಸರಿಯಾಗಿ ಬೆರೆತರೆ ಸುಣ್ಣ ತಗ್ಗಿ ನಾರು ಬಾಳುತ್ತದೆ. ಕಲ್ನಾರನ್ನು ಬಿಡಲು ಬೂದಿಯೇ ನೆರವಾಗುತ್ತಿದೆ. ಆದರೆ ಈ ಅಳತೆ ಕಾರ್ಖಾನೆಯ ಕೆಲಸ. ಮನೆಯಲ್ಲಿ ಒಲೆಯ ಬೂದಿ ಬೆರೆಸಬೇಡಿ.

ಅಂಗಡಿಯಲ್ಲಿ ಶೀಟಿನ ಮೇಲಿನ ನಂಬರ್ ನೋಡಿ. ಐಎಸ್ 459 ಎಂದಿದ್ದರೆ ಕಲ್ನಾರು, ಐಎಸ್ 14871 ಎಂದಿದ್ದರೆ ಕಲ್ನಾರಿಲ್ಲ. ಎರಡನೆಯದಕ್ಕೆ ಬೆಲೆ ತುಸು ಹೆಚ್ಚಾದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ. ದಿನಕ್ಕೆ ಎರಡು ಹೊತ್ತು ಆ ಚಾವಣಿಯ ಕೆಳಗೆ ಕಸ ಗುಡಿಸಿ ಹಾಲು ಹಿಂಡುವವರು ನೀವೇ.

ಈಗಾಗಲೇ ಹಳೆಯ ಶೀಟು ಇದ್ದರೆ ಗಾಬರಿ ಬೇಡ. ಗಟ್ಟಿಯಾಗಿದ್ದರೆ ಹಾಗೇ ಇರಲಿ. ಕೊಯ್ಯಬೇಡಿ, ಪಾಚಿ ತೆಗೆಯಲು ತಂತಿ ಬ್ರಷ್‌ನಿಂದ ಉಜ್ಜಬೇಡಿ, ಒಡೆದ ಚೂರನ್ನು ಗ್ವಾದಲಿಗೆ ಅಡ್ಡ ಇಡಬೇಡಿ. ತೆಗೆಸುವಾಗ ನೀರು ಚಿಮುಕಿಸಿ, ಒಡೆಯದಂತೆ ಇಳಿಸಿ.

ಹಲ್ಲು ನೋಡಿ ಹಸು ಕೊಳ್ಳುವವರು ನಾವು. ನಂಬರ್ ನೋಡಿ ಶೀಟು ಕೊಳ್ಳೋಣ.

– ಪಶುವೈದ್ಯಾಧಿಕಾರಿ, ಸವಣೂರು